ನಿಮ್ಮ ಬೆಕ್ಕಿಗೆ ಶುಗರ್ ಬರಬಹುದಾ? ಮನೆಯಲ್ಲೇ ನೋಡುವುದು ಹೇಗೆ

ಬೆಕ್ಕಿಗೂ ಶುಗರ್ ಬರುತ್ತದೆ ಅಂದರೆ ನಮ್ಮ ರಾಯಚೂರಿನಲ್ಲಿ ಜನ ನಗುತ್ತಾರೆ. ಬರುತ್ತದೆ ಮಾರಾಯ್ರೆ, ಅದೂ ನಮಗೆ ಬರುವ ಟೈಪ್ 2 ತರಹದ್ದೇ ಜಾಸ್ತಿ. ಬೀದಿ ಸುತ್ತಿ ಇಲಿ ಹಿಡಿಯುವ ಬೆಕ್ಕಿಗೆ ಈ ಭಯ ಕಡಿಮೆ. ಕೂಲರ್ ಮುಂದೆ ಮಲಗಿ, ತಟ್ಟೆಗೆ ಹಾಕಿದ್ದು ತಿಂದು, ಮತ್ತೆ ಅಲ್ಲೇ ಮಲಗುವ ಬೆಕ್ಕು ನಿಮ್ಮದಾದರೆ ಮುಂದೆ ಓದಿ.

ಮೊದಲು ತೂಕ. ದಪ್ಪ ಬೆಕ್ಕಿಗೆ ಅಪಾಯ 4 ಪಟ್ಟಿನವರೆಗೂ ಜಾಸ್ತಿ, ಮತ್ತು ನಿಮ್ಮ ಕೈಯಲ್ಲಿ ಇರುವುದೂ ಮುಖ್ಯವಾಗಿ ಇದೇ. ಬೆಕ್ಕು ತಕ್ಕಡಿ ಮೇಲೆ ಸುಮ್ನೆ ನಿಲ್ಲುವುದಿಲ್ಲ ಅಲ್ವಾ, ಅದಕ್ಕೆ ಎತ್ತಿಕೊಂಡು ನೀವೇ ನಿಂತು ತೂಗಿ, ಆಮೇಲೆ ನಿಮ್ಮ ತೂಕ ಕಳೆಯಿರಿ. ನಾಟಿ ಬೆಕ್ಕು ಸಾಮಾನ್ಯವಾಗಿ 3ರಿಂದ 5 ಕೆಜಿ ಇರುತ್ತದೆ. ಆದರೆ ಅಂಕಿಗಿಂತ ಕೈಯನ್ನೇ ನಂಬಿ: ಪಕ್ಕೆ ಸವರಿದರೆ ಎಲುಬು ಸುಲಭವಾಗಿ ಸಿಗಬೇಕು, ಮೇಲಿಂದ ನೋಡಿದರೆ ಸೊಂಟ ಕಾಣಬೇಕು. ಒತ್ತಿ ಹುಡುಕಬೇಕಾಗಿ ಬಂದರೆ ಅದು ದಪ್ಪಗಿದೆ, ಮನೆಗೆ ಬಂದವರು ಎಷ್ಟೇ ಮುದ್ದಾಗಿದೆ ಅಂದರೂ.

ವಯಸ್ಸು 7 ದಾಟಿದ್ದರೆ, ಗಂಡಾಗಿದ್ದರೆ, ಬೀಜ ತೆಗೆಸಿದ್ದರೆ ಅಪಾಯ ಇನ್ನಷ್ಟು ಏರುತ್ತದೆ. ಹಾಗಂತ ಆಪರೇಷನ್ ಬೇಡ ಅಂತಲ್ಲ. ಆಪರೇಷನ್ ಆದ ಮೇಲೆ ಹಸಿವು ಜಾಸ್ತಿ, ಓಡಾಟ ಕಡಿಮೆ, ಆದ್ದರಿಂದ ಅವತ್ತಿನಿಂದಲೇ ಊಟ ಅಳೆದು ಹಾಕಿ.

ಜನ ಮರೆಯುವುದು ಔಷಧಿ. ಕೆರೆತಕ್ಕೆ, ಉಬ್ಬಸಕ್ಕೆ ಪ್ರೆಡ್ನಿಸೋಲೋನ್‌ನಂಥ ಸ್ಟೀರಾಯ್ಡ್ ಕೊಡುತ್ತಾರೆ, ವಾರಗಟ್ಟಲೆ ಕೆಲಸ ಮಾಡುವ ಇಂಜೆಕ್ಷನ್ ಕೂಡ ಇದೆ. ಪದೇ ಪದೇ ಕೊಟ್ಟರೆ ಇವು ಶುಗರ್ ಏರಿಸಬಲ್ಲವು. ಬೆದೆ ತಡೆಯುವ ಹಾರ್ಮೋನ್ ಮಾತ್ರೆಯೂ ಅಷ್ಟೇ. ನೀವೇ ದಿಢೀರ್ ಅಂತ ನಿಲ್ಲಿಸಬೇಡಿ, ಡಾಕ್ಟರನ್ನು ಕೇಳಿ.

ಊಟದ ವಿಷಯಕ್ಕೆ ಬಂದರೆ, ನಮ್ಮ ಕಡೆ ಬೆಕ್ಕಿಗೆ ಹಾಲು ಕಲಸಿದ ಅನ್ನ, ಇಲ್ಲ ಹಾಲಲ್ಲಿ ನೆನೆಸಿದ ಜೋಳದ ರೊಟ್ಟಿ. ಅನ್ನ ತಿಂದದ್ದಕ್ಕೇ ಶುಗರ್ ಬಂತು ಅಂತ ನಾನು ಹೇಳುವುದಿಲ್ಲ. ಆದರೆ ಬೆಕ್ಕಿನ ಮೈಗೆ ಬೇಕಾದ್ದು ಮಾಂಸ, ಅನ್ನದಿಂದ ಬರುವುದು ಬರೀ ಹೊಟ್ಟೆ. ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಹಾಕದೆ ಬೇಯಿಸಿದ ಕೋಳಿ, ಮೀನು, ಮೊಟ್ಟೆ ಸ್ವಲ್ಪ ಸ್ವಲ್ಪ ಸೇರಿಸುತ್ತಾ ಅನ್ನ ಇಳಿಸಿ. ಅಂಗಡಿಯ ಒಣ ಫುಡ್ ಆದರೆ ದಿನವಿಡೀ ಬಟ್ಟಲು ತುಂಬಿಡಬೇಡಿ. ಉಪವಾಸ ಮಾತ್ರ ಖಂಡಿತ ಬೇಡ, ದಪ್ಪ ಬೆಕ್ಕು ಕೆಲವು ದಿನ ಊಟ ಬಿಟ್ಟರೆ ಲಿವರ್‌ಗೆ ಕೊಬ್ಬು ತುಂಬಿ ಸತ್ತೇ ಹೋಗಬಹುದು. ವಾರಕ್ಕೆ ತೂಕದಲ್ಲಿ ನೂರಕ್ಕೆ 1ರಷ್ಟು ಇಳಿದರೆ ಸಾಕು.

ಈಗ ನೀರು. ಶುಗರ್ ಬಂದ ಬೆಕ್ಕು ನೀರು ಜಾಸ್ತಿ ಕುಡಿಯುತ್ತದೆ, ಆದರೆ ಮೇನಲ್ಲಿ 40 ಡಿಗ್ರಿ ದಾಟುವ ಊರಲ್ಲಿ ಯಾವ ಬೆಕ್ಕು ಕುಡಿಯುವುದಿಲ್ಲ ಹೇಳಿ? ಅದಕ್ಕೆ ಹೀಗೆ ಮಾಡಿ. ಒಂದೇ ಅಳತೆಯ ಎರಡು ಬಟ್ಟಲಿಗೆ ಅಳೆದು ನೀರು ಹಾಕಿ, ಒಂದು ಬೆಕ್ಕಿಗೆ, ಇನ್ನೊಂದು ಅಲ್ಲೇ ಹತ್ತಿರ, ಅದಕ್ಕೆ ಎಟುಕದ ಹಾಗೆ. ಮರುದಿನ ಅದೇ ಹೊತ್ತಿಗೆ ಎರಡನ್ನೂ ಅಳೆಯಿರಿ. ಎರಡನೆಯದರಲ್ಲಿ ಕಡಿಮೆಯಾಗಿದ್ದು ಬಿಸಿಲಿಗೆ ಆರಿದ ಲೆಕ್ಕ, ಅದನ್ನು ಕಳೆದರೆ ಬೆಕ್ಕು ಕುಡಿದದ್ದು ಸಿಗುತ್ತದೆ. ಕೆಜಿಗೆ 100 ಎಂಎಲ್ ದಾಟಿದರೆ, ಅಂದರೆ 4 ಕೆಜಿ ಬೆಕ್ಕು ದಿನಕ್ಕೆ 400 ಎಂಎಲ್ ಕುಡಿದರೆ, ತಡ ಮಾಡಬೇಡಿ. ಮರಳಿನ ಟ್ರೇ ಕೂಡ ನೋಡಿ, ಬರೀ ಸೆಕೆಗೆ ಕುಡಿದ ಬೆಕ್ಕು ಅಷ್ಟೊಂದು ಉಚ್ಚೆ ಹೊಯ್ಯುವುದಿಲ್ಲ. ಚೆನ್ನಾಗಿ ತಿಂದರೂ ಸೊರಗುತ್ತಿದ್ದರೆ, ಹಿಂಗಾಲಿನ ಹಿಮ್ಮಡಿ ನೆಲಕ್ಕೆ ಊರಿ ನಡೆಯುತ್ತಿದ್ದರೆ ಅವತ್ತೇ ಪಶು ಆಸ್ಪತ್ರೆಗೆ ಒಯ್ಯಿರಿ. ಬೇಗ ಇನ್ಸುಲಿನ್ ಶುರುವಾದರೆ ಕೆಲವು ಬೆಕ್ಕುಗಳಿಗೆ ಮುಂದೆ ಇನ್ಸುಲಿನ್ನೇ ಬೇಕಾಗುವುದಿಲ್ಲ.

ಅಲ್ಲಿ ಒಂದು ಸಲ ರಕ್ತದ ಶುಗರ್ ಜಾಸ್ತಿ ಬಂದ ಕೂಡಲೇ ಗಾಬರಿ ಬೇಡ. ಬ್ಯಾಗಿನಲ್ಲಿ ಕೂತು, ನಾಯಿ ಬೊಗಳುವುದು ಕೇಳಿ, ಹೆದರಿದ ಬೆಕ್ಕಿಗೆ ಸುಮ್ನೆಯೂ ಶುಗರ್ ಏರುತ್ತದೆ. ಮೂತ್ರ ಪರೀಕ್ಷೆ ಮತ್ತು ಹಿಂದಿನ ಒಂದೆರಡು ವಾರದ ಲೆಕ್ಕ ಹೇಳುವ ಫ್ರಕ್ಟೋಸಮೈನ್ ಪರೀಕ್ಷೆ ಮಾಡಿಸಬಹುದಾ ಕೇಳಿ. ಹಳೆಯ ಔಷಧಿ ಚೀಟಿ, ನೀರಿನ ಲೆಕ್ಕ ಎರಡೂ ಜೊತೆಗಿರಲಿ. ಮತ್ತೆ, ಮನೆಯಲ್ಲಿ ಅಜ್ಜಿಯ ಶುಗರ್ ಮಾತ್ರೆ ಇದೆ ಅಂತ ಅರ್ಧ ಮುರಿದು ಬೆಕ್ಕಿಗೆ ಹಾಕಬೇಡಿ.