ಹಾಕಿ: ‘ಡಿ’ ಒಳಗೆ ಎದುರಾಳಿಯನ್ನು ಕಾಯುವುದು ಹೇಗೆ?

ಬಳ್ಳಾರಿಯಲ್ಲಿ ಏಳೂವರೆ ಆದರೆ ಸಾಕು, ಬಿಸಿಲು ನೆತ್ತಿ ಸುಡುತ್ತದೆ. ಹಾಗಾಗಿ ಹುಡುಗರನ್ನು ಬೆಳಿಗ್ಗೆ ಆರಕ್ಕೇ ಮೈದಾನಕ್ಕೆ ಕರೆಯುತ್ತೇನೆ. ನಮ್ಮ ತಂಡದ ಮೇಲೆ ಬೀಳುವ ಗೋಲುಗಳೆಲ್ಲ ಹೆಚ್ಚುಕಡಿಮೆ ಒಂದೇ ಥರ. ಹೋದ ತಿಂಗಳು ಸಿರುಗುಪ್ಪದ ಹುಡುಗರ ಜೊತೆ ಆಡಿದಾಗಲೂ ಅದೇ ಆಯಿತು. ಚೆಂಡು ಎಡ ಮೂಲೆಯಲ್ಲಿತ್ತು. ನಮ್ಮ ರೈಟ್ ಬ್ಯಾಕ್ (ಬಲಬದಿಯ ಡಿಫೆಂಡರ್) ಬಾಯಿ ಬಿಟ್ಟುಕೊಂಡು ಅದನ್ನೇ ನೋಡುತ್ತಿದ್ದ. ಅವನ ಬೆನ್ನ ಹಿಂದೆ ಬಂದ ಫಾರ್ವರ್ಡ್ ಸುಮ್ನೆ ಸ್ಟಿಕ್ ತಾಗಿಸಿದ, ಗೋಲ್. ‘ನೀನು ಕಾಯಬೇಕಿದ್ದ ಹುಡುಗ ಎಲ್ಲಿದ್ನೋ?’ ಎಂದೆ. ‘ಚೆಂಡು ನೋಡಾಕತ್ತಿದ್ದೆ ಸರ್’ ಎಂದ.

ಮೊದಲು ಸಾಮಾನು. ಸ್ಟಿಕ್ ಸೊಂಟದ ಎತ್ತರಕ್ಕಿರಲಿ. ರಟ್ಟಿನಂಥ ತೆಳು ಶಿನ್‌ಗಾರ್ಡ್ ಕೊಳ್ಳಬೇಡಿ. ನಮ್ಮ ಗರಸು ನೆಲದಲ್ಲಿ ಚೆಂಡು ಯಾವ ಕಡೆ ಪುಟಿಯುತ್ತದೋ ದೇವರೇ ಬಲ್ಲ.

ಚೆಂಡು ತರುವವನ ಮೇಲೆ ಒಮ್ಮೆಲೇ ನುಗ್ಗಬೇಡಿ. ನಿಮ್ಮ ಎಡಕ್ಕೆ ಸ್ವಲ್ಪ ಸರಿದು ಬಲಗಡೆ ದಾರಿ ಬಿಡಿ. ಆ ಕಡೆ ಹೊರಟರೆ ಅವನಿಗೆ ರಿವರ್ಸ್ (ಸ್ಟಿಕ್ ತಿರುಗಿಸಿ ಆಡುವ ಕಷ್ಟದ ಬದಿ), ನಿಮಗೆ ಫೋರ್‌ಹ್ಯಾಂಡ್ (ಸಲೀಸಾದ ಬದಿ).

ಇದು ಎಲ್ಲರಿಗೂ ಬರುತ್ತದೆ. ಎಡವುವುದು ಚೆಂಡು ಇಲ್ಲದವನನ್ನು ಕಾಯುವಾಗ, ಅಂದರೆ ಅವನಿಗೆ ಚೆಂಡು ಸಿಗದಂತೆ ಜೊತೆಗೇ ನಿಲ್ಲುವಾಗ. ಹಾಕಿಯಲ್ಲಿ 1998ರಿಂದ ಆಫ್‌ಸೈಡೇ ಇಲ್ಲ, ಅಂದರೆ ಚೆಂಡಿಗಿಂತ ಮುಂದೆ ಗೋಲಿನ ಹತ್ತಿರ ಹೋಗಿ ನಿಲ್ಲುವುದು ತಪ್ಪು ಎನ್ನುವ ನಿಯಮ ಇಲ್ಲ. ಎದುರಾಳಿ ನಿಮ್ಮ ಗೋಲ್ ಕಂಬಕ್ಕೆ ಒರಗುವಷ್ಟು ಹತ್ತಿರ ಬಂದು ಕಾದು ನಿಂತರೂ ಅಂಪೈರ್ ಸೀಟಿ ಊದುವುದಿಲ್ಲ. ಅವನನ್ನು ನೀವೇ ಕಾಯಬೇಕು.

ಗೋಲ್ ಆಗಬೇಕೆಂದರೆ ಅವನ ಸ್ಟಿಕ್ ಚೆಂಡಿಗೆ ತಾಗುವುದು ಡಿ (ಗೋಲಿನ ಮುಂದೆ ಎಳೆದ ಅರ್ಧವೃತ್ತ) ಒಳಗೇ ಆಗಬೇಕು. ಡಿ ಗೆರೆ ಗೋಲಿನಿಂದ 14.63 ಮೀಟರ್. ಅದರ ಹೊರಗೆ ಸ್ವಲ್ಪ ಸಡಿಲ ಬಿಟ್ಟರೂ ನಡೆದೀತು. ಒಳಗೆ ಬಂದನೋ, ಕೈ ಚಾಚಿದರೆ ಸಿಗುವಷ್ಟು ಹತ್ತಿರ ಇರಿ. ಅವನಿಗಿಂತ ಒಂದು ಹೆಜ್ಜೆ ಗೋಲಿನ ಕಡೆ, ಅರ್ಧ ಹೆಜ್ಜೆ ಚೆಂಡಿನ ಕಡೆ. ಪೂರ್ತಿ ಮುಂದೆ ನಿಂತರೆ ಬೆನ್ನ ಹಿಂದೆ ಜಾರಿಕೊಳ್ಳುತ್ತಾನೆ. ಪೂರ್ತಿ ಹಿಂದೆ ನಿಂತರೆ ಚೆಂಡು ಮೊದಲು ಅವನಿಗೇ. ಓರೆಯಾಗಿ ನಿಲ್ಲಿ, ಚೆಂಡು ಒಂದು ಕಣ್ಣಂಚಿಗೆ, ಅವನು ಇನ್ನೊಂದಕ್ಕೆ ಸಿಗಬೇಕು. ಸ್ಟಿಕ್ ನೆಲ ಬಿಟ್ಟು ಏಳಬಾರದು. ಎದುರು ತಂಡದ ಒಬ್ಬನಿಂದ ಇನ್ನೊಬ್ಬನಿಗೆ ಚೆಂಡು ಸಾಗುತ್ತಿರುವಾಗಲೇ ತಲೆ ತಿರುಗಿಸಿ ನಿಮ್ಮವನನ್ನು ನೋಡಿಬಿಡಿ. ಚೆಂಡು ತಲುಪಿದ ಮೇಲೆ ನೋಡಿದರೆ ತಡ.

ಅಭ್ಯಾಸದಲ್ಲಿ ನಾನು ಆಟದ ನಡುವೆ ಸೀಟಿ ಊದುತ್ತೇನೆ. ಎಲ್ಲರೂ ನಿಂತಲ್ಲೇ ನಿಂತು, ಕತ್ತು ತಿರುಗಿಸದೆ, ತಾವು ಕಾಯುವ ಹುಡುಗನ ಕಡೆ ಸ್ಟಿಕ್ ತೋರಿಸಬೇಕು. ಹುಡುಕಿದವನಿಗೆ ಮೈದಾನ ಒಂದು ಸುತ್ತು. ‘ಜಾಗ ಕಾದರೆ ಸಾಕು, ಆಳು ಬೇಡ’ ಎನ್ನುವವರೂ ಇದ್ದಾರೆ. ಡಿ ಒಳಗೆ ನಾನಂತೂ ಒಪ್ಪುವುದಿಲ್ಲ.

ಇನ್ನೊಂದು ರೋಗ, ಒಂದೇ ಚೆಂಡಿಗೆ ಇಬ್ಬರು ಓಡುವುದು. ಹತ್ತಿರದವನು ‘ನಂದು’ ಎಂದು ಕೂಗಿ ಹೋಗಲಿ, ಎರಡನೆಯವನು ಅವನ ಹಿಂದೆ ಕವರ್ ಇರಲಿ, ಮೂರನೆಯವನು ಆಚೆ ಕಂಬದ ಹುಡುಗನನ್ನು ಬಿಡದಿರಲಿ. ಬಾಯಿ ಮುಚ್ಚಿಕೊಂಡು ಆಡುವ ಡಿಫೆಂಡರ್ ನನಗೆ ಬೇಡ.

ಚೆಂಡು ಸಿಕ್ಕಿತಾ? ಪಕ್ಕದ ಗೆರೆ ಕಡೆ ತಳ್ಳಿ, ನಡುವೆ ಹೊಡೆಯಬೇಡಿ. ಗಾಬರಿಯಲ್ಲಿ ಬೇಕಂತಲೇ ಗೋಲಿನ ಪಕ್ಕದ ಹಿಂಗೆರೆ ಆಚೆ ದಾಟಿಸಿದರೆ ಎದುರಾಳಿಗೆ ಪೆನಾಲ್ಟಿ ಕಾರ್ನರ್, ಅಂದರೆ ಹಿಂಗೆರೆಯಿಂದ ಚೆಂಡು ತಳ್ಳಿ ಗೋಲಿಗೆ ಹೊಡೆಯುವ ಅವಕಾಶ. ಆಗ ಗೋಲ್‌ಕೀಪರ್ ಸೇರಿ ಐದೇ ಮಂದಿ ಕಾಯಬೇಕು, ಉಳಿದ ಆರು ಜನ ನಡುಗೆರೆ ಆಚೆ ನಿಂತು ನೋಡಬೇಕು.