ಮೊದಲು ಹಿಡಿ, ಆಮೇಲೆ ಚಿತ್ತಾರ: ಕೋವಿಯ ಸ್ಟಾಕ್‌ಗೆ ವಾಲ್ನಟ್ ಆರಿಸಿದ ನನ್ನ ಅನುಭವ

ಸ್ಟಾಕ್ ಅಂದರೆ ಕೋವಿಯನ್ನು ಹೆಗಲಿಗೆ ಊರಿ ಹಿಡಿಯುವ ಮರದ ಭಾಗ, ವಾಲ್ನಟ್ ಅಂದರೆ ಅಕ್ರೋಟಿನ ಮರ. ನಾನು ಮಾಡಿದ ಮೊದಲ ವಾಲ್ನಟ್ ಸ್ಟಾಕ್ ಒಂದು ಪೆಟ್ಟಿಗೆ ತೋಟಾ ಮುಗಿಯುವಷ್ಟರಲ್ಲಿ ಸೀಳಿತು. ಪೆಟ್ಟಿಗೆಯಲ್ಲಿ ಇಪ್ಪತ್ತೈದು ತೋಟಾ. ಕೊನೆಯ ಎರಡೋ ಮೂರೋ ಉಳಿದಿದ್ದವು. ಹಿಡಿಯ, ಅಂದರೆ ಟ್ರಿಗರ್ ಹಿಂದೆ ಕೈ ಸುತ್ತಿ ಹಿಡಿಯುವ ತೆಳು ಭಾಗದ, ಎಡಗಡೆ ಕೂದಲೆಳೆಯಷ್ಟು ಸಣ್ಣ ಗೆರೆ ಕಂಡಿತು. ಮೊದಲು ಎಣ್ಣೆಯ ಕಲೆ ಅಂದುಕೊಂಡು ಬೆರಳಲ್ಲಿ ಒರೆಸಿದೆ, ಹೋಗಲಿಲ್ಲ. ಉಗುರು ಆಡಿಸಿದೆ, ಸಿಕ್ಕಿಹಾಕಿಕೊಂಡಿತು. ನಾಲ್ಕು ತಿಂಗಳ ಸಂಜೆಗಳು ಅಲ್ಲಿಗೆ ಮುಗಿದವು.

ಕೋವಿ 12 ಬೋರಿನ (ನಳಿಗೆಯ ಒಳ ಅಗಲದ ಅಳತೆ) ಜೋಡುನಳಿಗೆ, ಬಾಕ್ಸ್‌ಲಾಕ್, ಅಂದರೆ ಹೊಡೆಯುವ ಯಂತ್ರವೆಲ್ಲ ನಳಿಗೆಯ ಹಿಂದಿನ ಕಬ್ಬಿಣದ ಪೆಟ್ಟಿಗೆಯೊಳಗೇ. ಆ ಪೆಟ್ಟಿಗೆಗೇ ಆಕ್ಷನ್ ಅನ್ನುತ್ತಾರೆ. ಎರಡು ಟ್ರಿಗರ್, ಹಿಡಿ ನೇರ, ಪಿಸ್ತೂಲ್ ಗ್ರಿಪ್ಪಿನ ಬಾಗು ಇಲ್ಲ. ಅದರ ಮೂಲ ಸ್ಟಾಕ್ ತಲೆಭಾಗದಲ್ಲಿ, ಅಂದರೆ ಕಬ್ಬಿಣದ ಆಕ್ಷನ್ ಬಂದು ಮರದ ಮೇಲೆ ಕೂರುವ ಕಡೆ, ಕಪ್ಪಾಗಿ ಮೆತ್ತಗಾಗಿತ್ತು. ಹಳೆಯ ಕೋವಿಗಳಿಗೆ ಇದು ಮಾಮೂಲಿ ರೋಗ. ನಳಿಗೆ ಮೇಲೆ ಮಾಡಿ ಮೂಲೆಯಲ್ಲಿ ನಿಲ್ಲಿಸಿಟ್ಟರೆ ಒಳಗೆ ಹಾಕಿದ ಎಣ್ಣೆಯೆಲ್ಲ ನಿಧಾನವಾಗಿ ಇಳಿದು ಮರ ಕುಡಿಯುತ್ತದೆ. ವರ್ಷಗಟ್ಟಲೆ ಕುಡಿದ ಮರಕ್ಕೆ ಹೊಡೆತ ತಡೆಯುವ ಶಕ್ತಿ ಎಲ್ಲಿಂದ ಬರಬೇಕು? ಈಗ ನಾನು ಎಣ್ಣೆ ಹಾಕಿದ ಮೇಲೆ ಒಂದೆರಡು ದಿನ ನಳಿಗೆ ಕೆಳಗೆ ಮಾಡಿಯೇ ಇಡುತ್ತೇನೆ.

ಹೊಸ ಸ್ಟಾಕ್ ಬೇಕಾಯಿತು, ನಾನೇ ಮಾಡುತ್ತೇನೆ ಅಂತ ಹಟ ಹಿಡಿದೆ. ಬ್ಲ್ಯಾಂಕ್, ಅಂದರೆ ಸ್ಟಾಕ್‌ನ ಆಕಾರಕ್ಕೆ ಒರಟಾಗಿ ಕುಯ್ದಿಟ್ಟ ವಾಲ್ನಟ್ ತುಂಡು, ಫೋಟೋ ನೋಡಿ ಕೊಂಡೆ. ಎಂಥಾ ಚಿತ್ತಾರ ಅಂತೀರಿ! ಮರ ಕವಲೊಡೆಯುವ ಜಾಗದಿಂದ ತೆಗೆದದ್ದು. ಹಕ್ಕಿಯ ಗರಿ ಬಿಚ್ಚಿದ ಹಾಗೆ ಹಿಂದಿನ ತುದಿಯಿಂದ ಹಿಡಿಯವರೆಗೂ ಹರಡಿಕೊಂಡಿತ್ತು. ತಪ್ಪು ಮಾರಿದವರದ್ದಲ್ಲ, ಅವರು ತೋರಿಸಿದ್ದನ್ನೇ ಕಳಿಸಿದ್ದರು. ನನಗೆ ನೋಡಲು ಬರಲಿಲ್ಲ ಅಷ್ಟೇ.

ಸೀಳಿದ ಸ್ಟಾಕ್ ತೆಗೆದುಕೊಂಡು ಈ ಕೆಲಸದಲ್ಲೇ ಕೂದಲು ಬೆಳ್ಳಗಾದ ಹಿರಿಯರೊಬ್ಬರ ಹತ್ತಿರ ಹೋದೆ. ಅವರು ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಚಿತ್ತಾರ ಚೆನ್ನಾಗಿದೆ. ಗೋಡೆಗೆ ನೇತು ಹಾಕು" ಅಂದರು. ಆಮೇಲೆ ಹಿಡಿಯ ಮೇಲೆ ಹೆಬ್ಬೆರಳಿಟ್ಟು, "ನೀನು ನೋಡಿದ್ದು ಹಿಂದಿನ ತುದಿ. ಒಡೆದಿದ್ದು ಇಲ್ಲಿ. ಎಲ್ಲಿ ತೆಳ್ಳಗಿದೆಯೋ ಅಲ್ಲಿಂದ ನೋಡೋಕೆ ಶುರು ಮಾಡು" ಅಂದರು. ಎರಡನೇ ಸಲ ನಾನು ಮಾಡಿದ್ದೆಲ್ಲ ಈ ಒಂದು ಮಾತಿನ ಮೇಲೇ.

ಸೌದೆ ಒಡೆದವರಿಗೆ ಇದು ಬೇಗ ಅರ್ಥವಾಗುತ್ತದೆ. ಮರ ಎಳೆಯ ಉದ್ದಕ್ಕೆ ಸುಲಭವಾಗಿ ಸೀಳುತ್ತದೆ, ಎಳೆಗೆ ಅಡ್ಡಲಾಗಿ ಮುರಿಯುವುದು ಕಷ್ಟ. ಸ್ಟಾಕ್‌ನ ಹಿಡಿ ಎರಡು ಬೆರಳು ಕೂಡಿಸಿದಷ್ಟು ದಪ್ಪ ಇದ್ದರೆ ಹೆಚ್ಚು. ಅದರ ಒಳಗೂ ಸ್ಕ್ರೂಗಳಿಗೆ, ಟ್ರಿಗರ್ ಪ್ಲೇಟಿನ ಬಾಲಕ್ಕೆ (ಹಿಂದಕ್ಕೆ ಚಾಚಿದ ಕಬ್ಬಿಣದ ಪಟ್ಟಿಗೆ) ಅಂತ ಕೊರೆದು ತೆಗೆದಿರುತ್ತೇವೆ. ಎಳೆಗಳು ಹಿಡಿಯ ಉದ್ದಕ್ಕೇ, ತಲೆಯಿಂದ ಹಿಂದಕ್ಕೆ ಓಡಿದರೆ ಅದು ಹಗ್ಗದಂತೆ ಗಟ್ಟಿ. ಓರೆಯಾಗಿ ಬಂದು ಹಿಡಿಯ ಮೇಲೆ ಹೊಕ್ಕು ಕೆಳಗೆ ಹೊರಬಿದ್ದರೆ ಪ್ರತಿ ಎಳೆಯೂ ಗಿಡ್ಡ. ಗಿಡ್ಡ ಎಳೆ ಅಂದರೆ ಸೀಳು ಕಾದು ಕೂತಿದೆ ಅಂತಲೇ ಅರ್ಥ. ಕವಲಿನ ಮರದಲ್ಲಿ ಎರಡು ಕೊಂಬೆಗಳ ಎಳೆಗಳು ಬಂದು ಒಂದಕ್ಕೊಂದು ನುಗ್ಗುತ್ತವೆ, ಅದಕ್ಕೇ ಅಷ್ಟು ಚೆಂದ, ಅದಕ್ಕೇ ಹಿಡಿಯಲ್ಲಿ ಅಷ್ಟು ನಂಬಿಕೆಗೇಡಿ. ಅದೇ ಚಿತ್ತಾರ ಹಿಂದಿನ ಅಗಲ ಭಾಗದಲ್ಲಿ ಮಾತ್ರ ಇದ್ದಿದ್ದರೆ ಏನೂ ತೊಂದರೆ ಇರಲಿಲ್ಲ. ಅಲ್ಲಿ ಮರ ಬೇಕಾದಷ್ಟಿದೆ.

ಎರಡನೇ ಸಲ ಹೊರಡುವ ಮೊದಲು ಒಂದು ಅಚ್ಚು ಮಾಡಿಕೊಂಡೆ. ಮೂರು ಮಿಲಿಮೀಟರ್ ದಪ್ಪದ ಪಾರದರ್ಶಕ ಅಕ್ರಿಲಿಕ್ ಹಾಳೆಯ ಮೇಲೆ ಹಳೆಯ ಸ್ಟಾಕ್ ಇಟ್ಟು ಸುತ್ತ ಗೆರೆ ಎಳೆದೆ. ಕೆಲಸಕ್ಕೆ ಅಂತ ಸುತ್ತಲೂ ಕಾಲು ಇಂಚು ಜಾಸ್ತಿ ಬಿಟ್ಟು ಕತ್ತರಿಸಿದೆ. ಅದರ ಮೇಲೆ ಹಿಡಿಯ ನಡುಗೆರೆಯನ್ನು ಕೆಂಪು ಶಾಯಿಯಲ್ಲಿ ಎಳೆದೆ. ಈ ಕೆಂಪು ಗೆರೆಯೇ ಮುಖ್ಯ. ತುಂಡಿನ ಮೇಲೆ ಅಚ್ಚು ಇಟ್ಟಾಗ ಮರದ ಎಳೆ ಕೆಂಪು ಗೆರೆಯ ಜೊತೆಗೇ ಓಡಬೇಕು. ಮೂರು ನಾಲ್ಕು ಡಿಗ್ರಿ ಆಚೀಚೆ ಇದ್ದರೆ ಅಚ್ಚನ್ನೇ ಸ್ವಲ್ಪ ತಿರುಗಿಸಿ ಸರಿ ಮಾಡಬಹುದು. ಎಷ್ಟೋ ಸಲ ಹಾಗೆ ತಿರುಗಿಸಿದಾಗ ಒಂದು ಕೆಟ್ಟ ಗಂಟು ಅಚ್ಚಿನಿಂದ ಹೊರಗೆ ಹೋಗಿಬಿಡುತ್ತದೆ, ಒಂದು ತುಂಡು ಬದುಕಿಕೊಳ್ಳುತ್ತದೆ. ತುಂಡನ್ನು ತೀರಾ ಬಿಗಿಯಾಗಿ ಕುಯ್ದಿದ್ದರೆ ತಿರುಗಿಸಲು ಜಾಗವೇ ಇರಲ್ಲ, ಆಗ ಬಿಟ್ಟುಬಿಡುವುದೇ ವಾಸಿ.

ಇಲ್ಲೊಂದು ಮೋಸ ಇದೆ, ನಾನು ಎರಡು ಸಲ ಬಿದ್ದಿದ್ದೇನೆ. ಪಕ್ಕದ ಮುಖದಲ್ಲಿ ಕಾಣುವ ಗೆರೆ ಬಹಳ ಸಲ ಬರೀ ಬಣ್ಣದ ಗೆರೆ. ವಾಲ್ನಟ್‌ನ ಕಪ್ಪು ಮಸಿಗೆರೆಗಳು ಎಳೆ ಹೋದ ಕಡೆಗೇ ಹೋಗಬೇಕು ಅಂತೇನಿಲ್ಲ. ಎಳೆ ನಿಜಕ್ಕೂ ಎತ್ತ ಹೋಗುತ್ತಿದೆ ಅಂತ ತಿಳಿಯಲು ಸಣ್ಣ ಸಣ್ಣ ರಂಧ್ರಗೆರೆಗಳನ್ನು ನೋಡಬೇಕು, ಗುಂಡುಸೂಜಿಯಲ್ಲಿ ಗೀಚಿದ ಹಾಗೆ ಕಾಣುತ್ತವಲ್ಲ, ಅವು. ಪಕ್ಕದಲ್ಲಿ ನೋಡಿದರೆ ಸಾಲದು. ತುಂಡಿನ ಮೇಲಂಚು ಮತ್ತು ಕೆಳಂಚನ್ನೂ ನೋಡಬೇಕು. ಪಕ್ಕದಿಂದ ನೇರ ಕಂಡ ಎಳೆ ಮೇಲಿಂದ ನೋಡಿದಾಗ ಎಡದಿಂದ ಬಲಕ್ಕೆ ಓರೆಯಾಗಿ ಓಡುತ್ತಿರಬಹುದು. ಅಂಥದ್ದು ಹಿಡಿಯ ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ಸೀಳುತ್ತದೆ. ಸಂಶಯ ಇದ್ದರೆ ಮೂಲೆಯಲ್ಲಿ, ಹೇಗೂ ಕತ್ತರಿಸಿ ಬಿಸಾಡುವ ಕಡೆ, ಉಳಿಯಿಂದ ಒಂದು ಚಕ್ಕೆ ಸೀಳಿ ನೋಡಲು ಒಪ್ಪಿಗೆ ಕೇಳಿ. ಬಣ್ಣ ಸುಳ್ಳು ಹೇಳಬಹುದು, ಚಕ್ಕೆ ಹೇಳಲ್ಲ.

ಯಾವ ವಾಲ್ನಟ್ ಅನ್ನೋ ಗೊಂದಲವೂ ನನಗೆ ಜಾಸ್ತಿ ಇತ್ತು. ಇಂಗ್ಲಿಷ್, ಫ್ರೆಂಚ್, ಟರ್ಕಿಶ್, ಸರ್ಕಾಸಿಯನ್ ಅಂತ ಹೆಸರುಗಳ ಸಂತೆಯೇ ಇದೆ. ಇವೆಲ್ಲ ಒಂದೇ ಜಾತಿ, ಜಗ್ಲಾನ್ಸ್ ರೀಜಿಯಾ. ನಾವು ತಿನ್ನುವ ಅಕ್ರೋಟು ಕೊಡುವ ಅದೇ ಮರ. ಮಣ್ಣು, ಹವೆ, ಮರದ ವಯಸ್ಸಿನಿಂದ ಬಣ್ಣ ಬೇರೆ ಬೇರೆ. ಅಮೆರಿಕದ ಕಪ್ಪು ವಾಲ್ನಟ್ ಮಾತ್ರ ಬೇರೆ ಜಾತಿ, ಜಗ್ಲಾನ್ಸ್ ನೈಗ್ರಾ. ಕ್ಯಾಲಿಫೋರ್ನಿಯಾದ ಕ್ಲಾರೋ ಮತ್ತೊಂದು. ಕ್ಲಾರೋ ಮತ್ತು ಇಂಗ್ಲಿಷ್ ಕೂಡಿ ಹುಟ್ಟಿದ ಮಿಶ್ರತಳಿಗೆ ಸ್ಟಾಕ್ ಮಾಡುವವರು ಬ್ಯಾಸ್ಟೋನ್ ಅನ್ನುತ್ತಾರೆ, ಅದು ಗಟ್ಟಿ. ಕ್ಲಾರೋದ ಬಣ್ಣ ಕಣ್ಣು ಕುಕ್ಕುತ್ತದೆ, ಆದರೆ ಸಾಮಾನ್ಯವಾಗಿ ಮೆತ್ತಗೆ, ರಂಧ್ರ ದೊಡ್ಡದು. ಹಿಡಿಯ ಮೇಲೆ ಕೈ ಜಾರದಂತೆ ಕೊರೆಯುವ ಚೌಕಳಿ ಗೆರೆಗಳಿಗೆ ಇದು ಮುಖ್ಯವಾಗುತ್ತದೆ. ಒಳ್ಳೆಯ ಇಂಗ್ಲಿಷ್ ವಾಲ್ನಟ್‌ನಲ್ಲಿ ಇಂಚಿಗೆ 24 ಗೆರೆ, ಕೈ ಪಳಗಿದವರು ಇನ್ನೂ ಜಾಸ್ತಿ ಕೊರೆಯುತ್ತಾರೆ. ಕಪ್ಪು ವಾಲ್ನಟ್‌ನಲ್ಲಿ ನಾನು 20 ದಾಟಲು ಹೋಗಲ್ಲ, ಮೊನೆಗಳು ಉದುರುತ್ತವೆ. ನೇರ ಹಿಡಿ, ಸಣ್ಣ ಚೌಕಳಿ ಅಂತ ಲೆಕ್ಕ ಹಾಕಿ ನಾನು ಇಂಗ್ಲಿಷ್‌ಗೇ ಬಂದೆ. ಕಪ್ಪು ವಾಲ್ನಟ್ ಕೀಳು ಅಂತ ಹೇಳುವವರ ಮಾತು ನನಗೆ ಒಪ್ಪಿಗೆ ಇಲ್ಲ.

ಫ್ಯಾನ್ಸಿ, ಎಕ್ಸ್‌ಟ್ರಾ ಫ್ಯಾನ್ಸಿ, ಎಕ್ಸಿಬಿಷನ್ ಅನ್ನೋ ದರ್ಜೆಗಳಿಗೆ ಎಲ್ಲರೂ ಒಪ್ಪಿದ ಅಳತೆ ಇಲ್ಲ. ಒಬ್ಬೊಬ್ಬರದ್ದು ಒಂದೊಂದು ಲೆಕ್ಕ, ಮತ್ತು ಆ ಲೆಕ್ಕ ಬಹುತೇಕ ಚಿತ್ತಾರದ್ದೇ.

ಈ ಸಲ ಫೋಟೋ ನಂಬದೆ ನಾನೇ ಹೋದೆ. ಏಳು ತುಂಡು ಮೇಜಿನ ಮೇಲೆ ಹಾಕಿಸಿಕೊಂಡೆ. ಅವುಗಳಲ್ಲಿ ಎರಡು ತುಂಡು, ಅಚ್ಚು ಇಟ್ಟ ಕೂಡಲೇ ಹೊರಗೆ ಹೋದವು, ಎಳೆ ಕೆಂಪು ಗೆರೆಯನ್ನು ಕತ್ತರಿಯ ಹಾಗೆ ದಾಟುತ್ತಿತ್ತು. ಒಂದರಲ್ಲಿ ತಲೆಭಾಗದ ಹತ್ತಿರ ಬಿಳಿಮರ, ತೊಗಟೆ ಕಡೆಯ ಎಳಸು ಮರ, ಸೇರಿಕೊಂಡಿತ್ತು. ಬಿಳಿಮರಕ್ಕೆ ಬಣ್ಣ ಹಾಕಿ ಮುಚ್ಚಬಹುದು, ಆದರೆ ಸುಮ್ನೆ ಯಾಕೆ ಆ ರಗಳೆ. ನಾಲ್ಕನೆಯದು ಎರಡು ಇಂಚಿಗಿಂತ ತೆಳು. ನನ್ನ ಸ್ಟಾಕ್ ಬಲಕ್ಕೆ ಸ್ವಲ್ಪ ವಾಲಬೇಕು, ಬಲಗೈಯವರ ಕಣ್ಣು ನಳಿಗೆಯ ನೇರಕ್ಕೆ ಬರಲಿ ಅಂತ. ಹಿಂದಿನ ತುದಿಯಲ್ಲಿ ಕಾಲು ಇಂಚು ವಾಲಿಸಿದರೂ ದಪ್ಪ ಸಾಕಾಗಬೇಕಲ್ವಾ? ಎರಡೂಕಾಲು ಇಂಚು ಇದ್ದರೆ ನನಗೆ ನಿಶ್ಚಿಂತೆ.

ಉಳಿದ ಮೂರನ್ನು ಬಟ್ಟೆಯಲ್ಲಿ ಟರ್ಪಂಟೈನ್ ಅದ್ದಿ ಒರೆಸಿದೆ. ನೀರು ಹಾಕಬೇಡಿ, ಎಳೆ ಏಳುತ್ತದೆ. ಟರ್ಪಂಟೈನ್ ಹಚ್ಚಿದ ಕೂಡಲೇ ಎಣ್ಣೆ ಹಾಕಿದ ಮೇಲಿನ ಬಣ್ಣ ಹೆಚ್ಚುಕಡಿಮೆ ಹೀಗಿರುತ್ತೆ ಅಂತ ಕಾಣುತ್ತದೆ, ಎಲ್ಲರೂ ಅದನ್ನೇ ನೋಡಿ ಮರುಳಾಗುತ್ತಾರೆ. ನಾನು ನೋಡುವುದು ಅದು ಆರುವಾಗ. ಮೇಲ್ಮೈ ಆರಿದ ಮೇಲೂ ಸೀಳಿನೊಳಗೆ ಹೋದದ್ದು ಬೇಗ ಆರಲ್ಲ, ಅಲ್ಲೊಂದು ಕಪ್ಪು ಗೆರೆ ಹಾಗೇ ಉಳಿಯುತ್ತದೆ. ಮೂರರಲ್ಲಿ ಅತಿ ಚೆಂದದ್ದು ಹೀಗೇ ಸಿಕ್ಕಿಬಿತ್ತು. ತುದಿ ಬೇಗ ಒಣಗಿ ಬಿರಿಯದಿರಲಿ ಅಂತ ಹಚ್ಚಿದ ಮೇಣದ ಅಡಿಯಿಂದ ಒಂದೂವರೆ ಇಂಚು ಒಳಗೆ ಸೀಳು ಓಡಿತ್ತು, ಅದೂ ತಲೆಭಾಗದ ಕಡೆ. ಜೇನಿನ ಬಣ್ಣ, ಮೇಲೆ ಮಸಿಗೆರೆ. ಬಿಡಲು ಮನಸ್ಸಿರಲಿಲ್ಲ. ಬಿಟ್ಟೆ.

ಮಿಕ್ಕ ಎರಡರಲ್ಲಿ ಒಂದು ಕ್ವಾರ್ಟರ್ ಕೊಯ್ತದ್ದು, ಅಂದರೆ ಮರದ ಉಂಗುರಗಳಿಗೆ ಅಡ್ಡಲಾಗಿ ಕುಯ್ದದ್ದು, ಪಕ್ಕದಲ್ಲಿ ನೇರ ಗೆರೆಗಳು. ಇನ್ನೊಂದು ಸ್ಲ್ಯಾಬ್ ಕೊಯ್ತ, ಉಂಗುರಗಳ ಗುಂಟ ಕುಯ್ದದ್ದು, ಗೆರೆಗಳು ಅಗಲವಾಗಿ ಸುಳಿಸುಳಿಯಾಗಿ. ಕ್ವಾರ್ಟರ್ ಮಾತ್ರ ಕೊಳ್ಳಬೇಕು ಅಂತ ಕೆಲವರು ಹಟ ಮಾಡುತ್ತಾರೆ. ಹಿಡಿಯಲ್ಲಿ ಎಳೆ ಸರಿ ಇದ್ದರೆ ಎರಡೂ ನಡೆಯುತ್ತವೆ ಅನ್ನೋದು ನನ್ನ ಅಭಿಪ್ರಾಯ. ನಾನು ಕ್ವಾರ್ಟರ್ ತೆಗೆದುಕೊಂಡೆ. ಹಿಂದಿನ ಮೂರನೇ ಒಂದು ಭಾಗದಲ್ಲಿ ಪಿಟೀಲಿನ ಬೆನ್ನಿನ ಹಾಗೆ ಅಡ್ಡ ಅಲೆಗಳಿದ್ದವು, ಹಿಡಿ ಬರುವ ಹೊತ್ತಿಗೆ ಅವು ಮಾಯ. ಎರಡೂ ಮುಖ ತಿರುಗಿಸಿ ನೋಡಿದೆ, ಎಡಮುಖ ಸ್ವಲ್ಪ ಬಡವ. ಪರವಾಗಿಲ್ಲ. ಅದೇ ಹಲಗೆಯಿಂದ ಬಂದ ಚಿಕ್ಕ ತುಂಡನ್ನೂ ಫೋರೆಂಡಿಗೆ (ನಳಿಗೆಯ ಕೆಳಗೆ ಮುಂದಿನ ಕೈ ಹಿಡಿಯುವ ಮರಕ್ಕೆ) ಅಂತ ಜೊತೆಗೇ ತಂದೆ. ಆಮೇಲೆ ಬಣ್ಣ ಹೊಂದುವ ಇನ್ನೊಂದು ತುಂಡು ಹುಡುಕುವುದು ದೊಡ್ಡ ತಲೆನೋವು.

ತಂದ ಕೂಡಲೇ ಉಳಿ ಹಿಡಿಯಲಿಲ್ಲ. ಗಾಳಿಯಲ್ಲಿ ಒಣಗಿಸಿದ ಮರ ಅಂದಿದ್ದರು. ಇಂಚು ದಪ್ಪಕ್ಕೆ ಒಂದು ವರ್ಷ ಅನ್ನೋ ಹಳೆಯ ಲೆಕ್ಕ ಇದೆಯಲ್ಲ, ಅದು ಅಂದಾಜು ಮಾತ್ರ. ಮುಳ್ಳು ಚುಚ್ಚುವ ತೇವಮಾಪಕ ಹೊರಗಿನ ಪದರವನ್ನೇ ಜಾಸ್ತಿ ಓದುತ್ತದೆ. ನಾನು ನಂಬುವುದು ತಕ್ಕಡಿಯನ್ನು. ಮೊದಲ ದಿನ 2310 ಗ್ರಾಂ. ತುಂಡಿನ ಮೇಲೇ ಪೆನ್ಸಿಲಿನಲ್ಲಿ ತಾರೀಕು, ತೂಕ ಬರೆದು ಕೆಲಸದ ಕೋಣೆಯಲ್ಲೇ ಇಟ್ಟೆ. ಹದಿನೈದು ದಿನಕ್ಕೊಮ್ಮೆ ತೂಗುವುದು, ಕೆಳಗೆ ಬರೆಯುವುದು. ಹನ್ನೊಂದನೇ ತಿಂಗಳಲ್ಲಿ 2190ಕ್ಕೆ ಬಂದು ನಿಂತಿತು. ಆಮೇಲೆ ಎರಡು ತಿಂಗಳು ಒಂದೆರಡು ಗ್ರಾಂ ಮಾತ್ರ ಆಚೀಚೆ. ಆ 120 ಗ್ರಾಂ ನೀರು ಒಳಗಿರುವಾಗಲೇ ಆಕ್ಷನ್ ಕೂರಿಸಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿ. ವಾಲ್ನಟ್ ಎಳೆಯ ಉದ್ದಕ್ಕೆ ಕುಗ್ಗುವುದು ಇಲ್ಲ ಅನ್ನುವಷ್ಟು ಕಡಿಮೆ, ಆದರೆ ಅಡ್ಡಕ್ಕೆ ಚೆನ್ನಾಗಿಯೇ ಕುಗ್ಗುತ್ತದೆ. ಕಪ್ಪು ವಾಲ್ನಟ್‌ನ ಲೆಕ್ಕ ಹೇಳುವುದಾದರೆ ಹಸಿಯಿಂದ ಪೂರ್ತಿ ಒಣಗುವವರೆಗೆ ಉಂಗುರದ ಗುಂಟ ಸುಮಾರು 7.8 ಶೇಕಡಾ, ಉಂಗುರಕ್ಕೆ ಅಡ್ಡ 5.5. ಕಬ್ಬಿಣ ಕುಗ್ಗಲ್ಲ. ಮರ ಕುಗ್ಗಿದರೆ ಸಂದು ಬಿಡುತ್ತದೆ, ಇಲ್ಲವೇ ಕಬ್ಬಿಣವನ್ನು ಅಪ್ಪಿಕೊಂಡು ತಾನೇ ಬಿರಿಯುತ್ತದೆ.

ತೂಕದ ಬಗ್ಗೆ ನಾನು ಸುಮ್ಮನೆ ತಲೆ ಕೆಡಿಸಿಕೊಂಡಿದ್ದೆ. ಇಂಗ್ಲಿಷ್ ವಾಲ್ನಟ್ ಸರಾಸರಿ ಘನ ಮೀಟರಿಗೆ 640 ಕಿಲೋ ಅಂತ ಲೆಕ್ಕ, ಆದರೆ ತುಂಡಿನಿಂದ ತುಂಡಿಗೆ ಏರುಪೇರು ಇದ್ದೇ ಇದೆ. ಭಾರವಾದರೆ ಹೆಗಲ ತುದಿಯ ಪ್ಲೇಟಿನ ಅಡಿಯಲ್ಲಿ ತೂತು ಕೊರೆದು ಹಗುರ ಮಾಡಬಹುದು, ಹಗುರಾದರೆ ಅದೇ ತೂತಿಗೆ ಸೀಸ ತುಂಬಬಹುದು. ಹಿಡಿಯ ಎಳೆಯನ್ನು ಆಮೇಲೆ ಬದಲಿಸಲು ಆಗುತ್ತಾ?

ಕೊರೆಯಲು ಶುರು ಮಾಡಿದಾಗಲೇ ವ್ಯತ್ಯಾಸ ಗೊತ್ತಾಯಿತು. ಮೊದಲ ಮರ ಹಿಡಿಯ ಹತ್ತಿರ ಉಳಿಗೆ ಪುಡಿಪುಡಿಯಾಗಿ ಕೀಳುತ್ತಿತ್ತು. ಇದು ಸುರುಳಿಸುರುಳಿಯಾಗಿ ಎದ್ದು ಬಂತು. ತಲೆಭಾಗ ಆಕ್ಷನ್‌ಗೆ ಎಲ್ಲ ಕಡೆ ಒಂದೇ ಸಮ ತಾಗಬೇಕು, ದೀಪದ ಮಸಿ ಹಚ್ಚಿ ಕೂರಿಸಿ ತೆಗೆದು ಕಪ್ಪು ಹತ್ತಿದ ಕಡೆ ಮಾತ್ರ ಕೀಸುವುದು, ಮತ್ತೆ ಕೂರಿಸುವುದು. ಎಷ್ಟು ಸಲ ಅಂತ ಎಣಿಸಲಿಲ್ಲ. ಆಕ್ಷನ್‌ನ ಮೇಲಿನ ಬಾಲದ ತುದಿಯ ಹಿಂದೆ ಮಾತ್ರ ಕಾಗದ ತೂರುವಷ್ಟು ಸಂದು ಬಿಟ್ಟೆ. ಅಲ್ಲಿ ಕಬ್ಬಿಣ ಬೆಣೆಯ ಹಾಗೆ ಕೆಲಸ ಮಾಡಿದರೆ ಎಂಥ ಒಳ್ಳೆ ಎಳೆಯೂ ಸೀಳುತ್ತದೆ.

ಬಲಗಡೆ ಕೆನ್ನೆ ಊರುವ ಜಾಗದ ಕೆಳಗೆ ಕೊನೆಯ ಉಪ್ಪುಕಾಗದ ಉಜ್ಜುವಾಗ ಸಾಸಿವೆಯಷ್ಟು ದೊಡ್ಡ ಗಂಟೊಂದು ಹೊರಗೆ ಬಂತು. ಹೊರಗಿನಿಂದ ಯಾವ ಟರ್ಪಂಟೈನೂ ಅದನ್ನು ತೋರಿಸುತ್ತಿರಲಿಲ್ಲ. ಹಾಗೇ ಬಿಟ್ಟಿದ್ದೇನೆ. ಈ ಸ್ಟಾಕ್ ಈಗ ನೂರಾರು ತೋಟಾ ಕಂಡಿದೆ, ಪ್ರತಿ ಸಲ ಒರೆಸುವಾಗ ಹಿಡಿಯ ಎಡಗಡೆ ಉಗುರು ಆಡಿಸಿ ನೋಡುವ ಚಟ ಮಾತ್ರ ಹೋಗಿಲ್ಲ.

ಗರಿ ಚಿತ್ತಾರದ ಆ ಹಳೆಯ ಸ್ಟಾಕ್ ಗೋಡೆಗೆ ಹೋಗಲಿಲ್ಲ. ಹಿಡಿಯ ಹತ್ತಿರ ಕತ್ತರಿಸಿ, ಹಿಂದಿನ ಭಾಗವನ್ನು ಮೇಜಿನ ಮೇಲೇ ಇಟ್ಟುಕೊಂಡಿದ್ದೇನೆ. ಹೊಸ ಎಣ್ಣೆ ಬಂದಾಗ, ಚೌಕಳಿಯ ಉಳಿ ಮಸೆದಾಗ, ಮೊದಲ ಗೆರೆ ಅದರ ಮೇಲೇ.