ಈರುಳ್ಳಿ ಪೊರೆಯ ಸ್ಲೈಡ್ ಮಾಡುವುದು ಹೇಗೆ?

ಒಂಬತ್ತನೇ ತರಗತಿಯಲ್ಲಿ ಜೀವಕೋಶದ ಪಾಠ ಬಂತೆಂದರೆ ಲ್ಯಾಬಿನ ತುಂಬ ಈರುಳ್ಳಿ ವಾಸನೆ. ಬಹಳಷ್ಟು ಮಕ್ಕಳು ತಮ್ಮ ಕೈಯಾರೆ ಮಾಡುವ ಮೊದಲ ಸ್ಲೈಡ್ ಇದೇ. ಆದರೆ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರೆ ಎಷ್ಟೋ ಸಲ ಕಾಣುವುದು ಮಸುಕು ಮಸುಕಾದ ಕೆಂಪು ಬಣ್ಣ ಮಾತ್ರ. ಆಗ ಪುಸ್ತಕದ ಚಿತ್ರ ನೋಡಿ ರೆಕಾರ್ಡ್ ತುಂಬಿಸಿಬಿಡುತ್ತಾರೆ. ನನಗೆ ಬೇಸರವಾಗುವುದು ಅಲ್ಲೇ. ಸೂಕ್ಷ್ಮದರ್ಶಕ ಸರಿಯಿಲ್ಲ ಅಂತ ಮಕ್ಕಳು ಹೇಳುತ್ತಾರೆ. ಸ್ಲೈಡ್ ಕೆಟ್ಟಿರುವುದು ಅದಕ್ಕೂ ಮೊದಲೇ, ಮೇಜಿನ ಮೇಲೆ. ಪೊರೆ ಎತ್ತುವುದರಿಂದ ಕವರ್‌ಸ್ಲಿಪ್ (ಮೇಲೆ ಮುಚ್ಚುವ ತೆಳು ಗಾಜು) ಇಡುವವರೆಗಿನ ಕೆಲಸ ನೆಟ್ಟಗಿದ್ದರೆ ಹಳೆಯ ಸೂಕ್ಷ್ಮದರ್ಶಕದಲ್ಲೂ ಕೋಶ ಚೆನ್ನಾಗಿ ಕಾಣುತ್ತದೆ.

ಬೇಕಾದದ್ದು

ಒಂದು ಗಟ್ಟಿ ಈರುಳ್ಳಿ, ಸ್ಲೈಡ್, ಕವರ್‌ಸ್ಲಿಪ್, ವಾಚ್ ಗ್ಲಾಸ್ (ಗಾಜಿನ ಪುಟ್ಟ ತಟ್ಟೆ) ಎರಡು, ಚಿಮಟ, ಸೂಜಿ, ಮೆತ್ತನೆಯ ಬ್ರಷ್, ಡ್ರಾಪರ್, ಸಫ್ರಾನಿನ್ (ಕೋಶಕ್ಕೆ ಹಾಕುವ ಕೆಂಪು ಬಣ್ಣ), ಗ್ಲಿಸರಿನ್, ಫಿಲ್ಟರ್ ಪೇಪರ್. ಸ್ಲೈಡನ್ನೂ ಕವರ್‌ಸ್ಲಿಪ್ಪನ್ನೂ ತೊಳೆದು ಒರೆಸಿ, ಅಂಚು ಹಿಡಿದೇ ಎತ್ತಿ. ಬೆರಳಿನ ಜಿಡ್ಡು ಅಂಟಿದರೆ ಅದೂ ದೊಡ್ಡದಾಗಿ ಕಾಣುತ್ತದೆ. ಸಫ್ರಾನಿನ್ ಬಟ್ಟೆಗೆ ಬಿದ್ದರೆ ಸುಲಭಕ್ಕೆ ಹೋಗುವುದಿಲ್ಲ, ಜೋಪಾನ.

ಪೊರೆ ಎತ್ತುವುದು

ಇಡೀ ಪ್ರಯೋಗ ನಿಂತಿರುವುದು ಇದರ ಮೇಲೆ. ನಮಗೆ ಬೇಕಿರುವುದು ಒಣ ಸಿಪ್ಪೆಯಲ್ಲ, ಒಳಗಿನ ಪೊರೆ. ಈರುಳ್ಳಿಯನ್ನು ಉದ್ದಕ್ಕೆ ನಾಲ್ಕು ಹೋಳು ಮಾಡಿ, ರಸ ತುಂಬಿದ ಒಂದು ಎಸಳು ಬಿಡಿಸಿ. ಎಸಳಿಗೆ ಉಬ್ಬಿದ ಹೊರಮೈ, ತಗ್ಗಾದ ಒಳಮೈ ಅಂತ ಎರಡು ಮೈ ಇರುತ್ತವೆ. ಅದನ್ನು ಹೊರಮೈ ಕಡೆಗೆ ಬಗ್ಗಿಸಿ ಲಟಕ್ ಅಂತ ಮುರಿಯಿರಿ, ಆದರೆ ಪೂರ್ತಿ ತುಂಡಾಗಲು ಬಿಡಬೇಡಿ. ಒಳಮೈಯಲ್ಲಿ ತೆಳ್ಳಗೆ ಏನೋ ಎರಡು ತುಂಡನ್ನೂ ಹಿಡಿದುಕೊಂಡಿರುತ್ತದೆ, ನೋಡಿ. ಅದೇ ಪೊರೆ. ಒಂದು ತುಂಡನ್ನು ನಿಧಾನವಾಗಿ ಎಳೆದರೆ ಅದು ಹಾಲಿನ ಕೆನೆಯ ಹಾಗೆ ಎದ್ದು ಬರುತ್ತದೆ. ಅದರ ದಪ್ಪ ಒಂದೇ ಒಂದು ಕೋಶದಷ್ಟು. ಬೆಳಕು ಸಲೀಸಾಗಿ ದಾಟಿ ಹೋಗುವುದು ಅದಕ್ಕೇ. ಪೊರೆಗೆ ಬಿಳಿ ತಿರುಳು ಅಂಟಿಕೊಂಡು ಬಂದರೆ ಅದನ್ನು ಬಿಟ್ಟು ಬೇರೆ ಎಸಳು ತಗೊಳ್ಳಿ. ಕೆರೆಯಲು ಹೋದರೆ ಕೋಶಗಳೇ ಹರಿದುಹೋಗುತ್ತವೆ.

ಎತ್ತಿದ ಪೊರೆಯನ್ನು ಆ ಕ್ಷಣವೇ ವಾಚ್ ಗ್ಲಾಸಿನ ನೀರಿಗೆ ಹಾಕಿ. ಗಾಳಿಯಲ್ಲಿ ಬಿಟ್ಟರೆ ಒಣಗಿ ಸುರುಳಿ ಸುತ್ತುತ್ತದೆ. ಆಮೇಲೆ ಬಿಡಿಸುವುದು ಕಷ್ಟ.

ಬಣ್ಣ ಕೊಡುವುದು

ಇನ್ನೊಂದು ವಾಚ್ ಗ್ಲಾಸಿನ ನೀರಿಗೆ ಒಂದೆರಡು ಹನಿ ಸಫ್ರಾನಿನ್ ಹಾಕಿ, ಪೊರೆಯನ್ನು ಒಂದೆರಡು ನಿಮಿಷ ಬಿಡಿ. ಮತ್ತೆ ಚೊಕ್ಕ ನೀರಲ್ಲಿ ತೊಳೆಯಿರಿ. ಜಾಸ್ತಿ ಬಣ್ಣ ಹಾಕಿದರೆ ಜಾಸ್ತಿ ಕಾಣುತ್ತದೆ ಅನ್ನುವುದು ತಪ್ಪು. ಎಲ್ಲವೂ ಒಂದೇ ಕೆಂಪಾದರೆ ಕೋಶಕೇಂದ್ರ (ನ್ಯೂಕ್ಲಿಯಸ್) ಎಲ್ಲಿದೆ ಅಂತ ಹುಡುಕುವುದು ಹೇಗೆ?

ಸಫ್ರಾನಿನ್ ಇಲ್ಲದಿದ್ದರೆ ಅಯೋಡಿನ್ ದ್ರಾವಣವೂ ಆಗುತ್ತದೆ. ಆಲೂಗಡ್ಡೆಗೆ ಹಾಕಿದಾಗಿನಂತೆ ನೀಲಿ ಬರಲಿಲ್ಲ ಅಂತ ಗಾಬರಿಯಾಗಬೇಡಿ. ಈರುಳ್ಳಿಯ ಎಸಳು ಆಹಾರವನ್ನು ಪಿಷ್ಟವಾಗಿ ಕೂಡಿಡುವುದಿಲ್ಲ. ಅಲ್ಲಿ ಹಳದಿ ಕಂದು ಬಣ್ಣವೇ ಸರಿ.

ಕವರ್‌ಸ್ಲಿಪ್ ಇಡುವುದು

ಸ್ಲೈಡಿನ ನಡುವೆ ಒಂದು ಹನಿ ಗ್ಲಿಸರಿನ್ ಬಿಡಿ. ಅದು ಪೊರೆ ಒಣಗದಂತೆ ಕಾಪಾಡುತ್ತದೆ. ಸುಮಾರು 5 ಮಿಲಿಮೀಟರ್ ಅಗಲದ ಪೊರೆಯ ತುಂಡು ಸಾಕು, ದೊಡ್ಡದಾದರೆ ಮಡಚಿಕೊಳ್ಳುತ್ತದೆ. ಬ್ರಷ್‌ನಿಂದ ಎತ್ತಿ ಹನಿಯಲ್ಲಿಟ್ಟು, ಸುಕ್ಕಿದ್ದರೆ ಸೂಜಿಯ ತುದಿಯಿಂದ ಬಿಡಿಸಿ.

ಈಗ ಕವರ್‌ಸ್ಲಿಪ್. ಅದನ್ನು ಮೇಲಿಂದ ಹಾಗೇ ಬೀಳಿಸಬೇಡಿ. ಒಂದು ಅಂಚನ್ನು ಹನಿಗೆ ತಾಗಿಸಿ ಓರೆಯಾಗಿ ನಿಲ್ಲಿಸಿ. ಗ್ಲಿಸರಿನ್ ಆ ಅಂಚಿನುದ್ದಕ್ಕೂ ಹರಡುವುದು ಕಣ್ಣಿಗೇ ಕಾಣುತ್ತದೆ. ಆಮೇಲೆ ಇನ್ನೊಂದು ಅಂಚಿಗೆ ಸೂಜಿಯ ಆಸರೆ ಕೊಟ್ಟು ಮೆಲ್ಲಗೆ ಇಳಿಸಿ. ಒಳಗಿನ ಗಾಳಿ ಮುಂದೆ ಮುಂದೆ ಸರಿದು ಹೊರಗೆ ಹೋಗುತ್ತದೆ. ಹೊರಗೆ ಬಂದ ಗ್ಲಿಸರಿನ್ ಅನ್ನು ಫಿಲ್ಟರ್ ಪೇಪರಿನಿಂದ ಹೀರಿಸಿ.

ಅವಸರ ಮಾಡಿದರೆ ಗಾಳಿಗುಳ್ಳೆ ಉಳಿಯುತ್ತದೆ. ‘ಮೇಡಂ, ದೊಡ್ಡ ಕೋಶ ಸಿಕ್ತು’ ಅಂತ ಮಕ್ಕಳು ಖುಷಿಯಿಂದ ಕರೆದು ತೋರಿಸುವುದು ಎಷ್ಟೋ ಸಲ ಇದನ್ನೇ. ಗುರುತು ಸುಲಭ. ಗುಳ್ಳೆ ದುಂಡಗಿರುತ್ತದೆ, ಸುತ್ತ ದಪ್ಪ ಕಪ್ಪು ಅಂಚು, ಒಳಗೆ ಖಾಲಿ. ಕೋಶಗಳು ಗೋಡೆಯ ಇಟ್ಟಿಗೆಗಳಂತೆ ಒಂದಕ್ಕೊಂದು ಒತ್ತಿಕೊಂಡು ಉದ್ದುದ್ದಕ್ಕೆ ಇರುತ್ತವೆ.

ನೋಡುವುದು

ಮೊದಲು 10 ಪಟ್ಟಿನ ಲೆನ್ಸ್. ಪಕ್ಕದಿಂದ ನೋಡುತ್ತಾ ಲೆನ್ಸನ್ನು ಸ್ಲೈಡಿನ ಹತ್ತಿರಕ್ಕೆ ತನ್ನಿ. ಆಮೇಲೆ ಕಣ್ಣಿಟ್ಟು, ಅವೆರಡೂ ದೂರವಾಗುವ ಕಡೆಗೆ ತಿರುಪು ತಿರುಗಿಸಿ. ಕಣ್ಣಿಟ್ಟುಕೊಂಡೇ ಹತ್ತಿರ ತರಲು ಹೋದರೆ ಕವರ್‌ಸ್ಲಿಪ್ ಒಡೆಯಬಹುದು. ಚಿತ್ರ ತಲೆಕೆಳಗಾಗಿ ಕಾಣುವುದರಿಂದ ಸ್ಲೈಡನ್ನು ಎಡಕ್ಕೆ ತಳ್ಳಿದರೆ ಕೋಶಗಳು ಬಲಕ್ಕೆ ಓಡುತ್ತವೆ. ಎರಡು ದಿನದಲ್ಲಿ ಕೈಗೆ ಅಭ್ಯಾಸವಾಗುತ್ತದೆ. 40 ಪಟ್ಟಿಗೆ ಹೋದ ಮೇಲೆ ಸಣ್ಣ ತಿರುಪು ಮಾತ್ರ ಮುಟ್ಟಿ.

ಕೋಶಕೇಂದ್ರ ಎಷ್ಟೋ ಕೋಶಗಳಲ್ಲಿ ಗೋಡೆಗೆ ಒತ್ತಿಕೊಂಡಿರುತ್ತದೆ, ಯಾಕೆಂದರೆ ನಡುವಿನ ಜಾಗವನ್ನೆಲ್ಲ ದೊಡ್ಡ ರಸದಾನಿ (ರಸ ತುಂಬಿದ ಚೀಲ) ತುಂಬಿರುತ್ತದೆ. ಕೆಲವು ಕೋಶಗಳಲ್ಲಿ ಅದು ಕಾಣುವುದೇ ಇಲ್ಲ. ಸಣ್ಣ ತಿರುಪನ್ನು ಸ್ವಲ್ಪ ಅತ್ತಿತ್ತ ಆಡಿಸಿ, ಇನ್ನೊಂದು ಮಟ್ಟದಲ್ಲಿ ಸಿಗಬಹುದು. 1831ರಲ್ಲಿ ರಾಬರ್ಟ್ ಬ್ರೌನ್ ಕೋಶಕೇಂದ್ರವನ್ನು ಗುರುತಿಸಿ ಹೆಸರಿಟ್ಟದ್ದು ಆರ್ಕಿಡ್ ಗಿಡದ ಇಂಥದ್ದೇ ಹೊರಪದರ ನೋಡುವಾಗ. ನಿಮ್ಮ ಮೇಜಿನ ಮೇಲಿರುವ ಕೆಲಸ ಅದೇ ಜಾತಿಯದು.

ಚಿತ್ರ ಬರೆಯುವಾಗ ನಿಮಗೆ ಕಂಡದ್ದನ್ನೇ ಬರೆಯಿರಿ. ನಾಲ್ಕೈದು ಕೋಶ ಸಾಕು. ಐದರಲ್ಲಿ ಮೂರಕ್ಕೆ ಮಾತ್ರ ಕೋಶಕೇಂದ್ರ ಕಂಡರೆ ಮೂರಕ್ಕೇ ಬರೆಯಿರಿ. ಶೇಡ್ ಬೇಡ, ಚೂಪಾದ ಪೆನ್ಸಿಲಿನ ಒಂದೇ ಗೆರೆ. ಕಣ್ಣಿನ ಲೆನ್ಸ್ 10, ಕೆಳಗಿನದು 40 ಆದರೆ ‘400 ಪಟ್ಟು’ ಅಂತ ಪಕ್ಕದಲ್ಲಿ ನಮೂದಿಸಿ. ಅಳತೆಯೂ ಸಿಗುತ್ತದೆ. 10 ಪಟ್ಟಿನ ಲೆನ್ಸಿನ ಕೆಳಗೆ ಪಾರದರ್ಶಕ ಸ್ಕೇಲ್ ಇಟ್ಟು ನೋಟದ ವೃತ್ತದ ಅಗಲ ನೋಡಿಕೊಳ್ಳಿ. ಅದು 1.8 ಮಿಲಿಮೀಟರ್ ಇದ್ದು, ಅಷ್ಟಗಲಕ್ಕೆ 6 ಕೋಶ ಉದ್ದುದ್ದಕ್ಕೆ ಕೂತಿದ್ದರೆ, ಒಂದರ ಉದ್ದ 0.3 ಮಿಲಿಮೀಟರ್.

ಸಮಯವಿದ್ದರೆ ಇದನ್ನೂ ಮಾಡಿ

ನಮ್ಮ ಸಂತೆಗಳಲ್ಲಿ ಸಿಗುವ ಕೆಂಪು ಈರುಳ್ಳಿಗೆ ತನ್ನದೇ ಬಣ್ಣವಿದೆ. ಅದು ಇರುವುದು ಎಸಳಿನ ಹೊರಮೈಯ ಪದರದಲ್ಲಿ, ಕೋಶಗಳ ರಸದಾನಿಯೊಳಗೆ. ಆ ನೇರಳೆ ಪದರವನ್ನು ಸ್ವಲ್ಪ ಎತ್ತಿ, ಸಫ್ರಾನಿನ್ ಹಾಕದೆ ಬರೀ ನೀರಿನಲ್ಲಿ ಸ್ಲೈಡ್ ಮಾಡಿ. ಇಲ್ಲಿ ಕೋಶಗಳು ಜೀವಂತವಾಗಿರಬೇಕು. 100 ಮಿಲಿಲೀಟರ್ ನೀರಿಗೆ 5 ಗ್ರಾಂ ಉಪ್ಪು ಕರಗಿಸಿ, ಕವರ್‌ಸ್ಲಿಪ್ಪಿನ ಒಂದು ಅಂಚಿಗೆ ಒಂದು ಹನಿ ಬಿಡಿ. ಎದುರಿನ ಅಂಚಿಗೆ ಫಿಲ್ಟರ್ ಪೇಪರ್ ತಾಗಿಸಿದರೆ ಉಪ್ಪುನೀರು ಒಳಗೆ ಎಳೆದುಕೊಳ್ಳುತ್ತದೆ.

ಕಣ್ಣು ತೆಗೆಯದೆ ನೋಡುತ್ತಿರಿ. ಕೆಲವೇ ನಿಮಿಷದಲ್ಲಿ ನೇರಳೆ ಬಣ್ಣ ಗೋಡೆಯಿಂದ ಬಿಟ್ಟುಕೊಂಡು ಒಳಗೆ ಕುಗ್ಗುತ್ತದೆ. ಕೋಶದ ನೀರು ಹೊರಗಿನ ಉಪ್ಪುನೀರಿನ ಕಡೆಗೆ ಹೋಗುತ್ತಿದೆ. ಗೋಡೆ ಮಾತ್ರ ಅಲುಗುವುದಿಲ್ಲ. ಹೊರಗಿನ ಗಟ್ಟಿ ಗೋಡೆಯಾದ ಕೋಶಭಿತ್ತಿ ಬೇರೆ, ಅದರೊಳಗಿನ ತೆಳು ಕೋಶಪೊರೆ ಬೇರೆ ಅಂತ ಬೋರ್ಡಿನ ಮೇಲೆ ಎಷ್ಟು ಸಲ ಬರೆದರೂ ತಲೆಗೆ ಹೋಗದ್ದು ಇಲ್ಲಿ ತಾನಾಗಿ ಅರ್ಥವಾಗುತ್ತದೆ.

ಈಗ ಅದೇ ರೀತಿ ಬರೀ ನೀರು ಹಾಯಿಸಿ, ಐದು ನಿಮಿಷ ಕಾಯಿರಿ. ಬಣ್ಣ ಮೆಲ್ಲಗೆ ಹಿಗ್ಗಿ ಮತ್ತೆ ಗೋಡೆ ಮುಟ್ಟುತ್ತದೆ. ಕೆಲವು ಕೋಶಗಳು ಹಿಗ್ಗದೆ ಹಾಗೇ ಉಳಿಯಬಹುದು. ಅವನ್ನೂ ಎಣಿಸಿ ರೆಕಾರ್ಡಿನಲ್ಲಿ ಬರೆಯಿರಿ.